ಹಾಲಿನ ಗೌರಮ್ಮ

ನಾನು ಬೆಳೆದ ಮನೆಯನ್ನು ನಮ್ಮವರು ಬಾಡಿಗೆಗೆ ಹಿಡಿದದ್ದು ವಾಸಕ್ಕೆಂದಲ್ಲ, ತೋರಿಸುವುದಕ್ಕೆಂದು. ಹಾಸನದ ಹೊಸ ಬಡಾವಣೆಯೊಂದರಲ್ಲಿದ್ದ ಮಹಡಿ ಮನೆ ಅದು. ಎರಡು ಕೋಣೆ, ನಡುವೆ ಹಜಾರ, ಬೀದಿಯ ಕಡೆಗೆ ಗ್ರಿಲ್ಲು ಹಾಕಿದ ದೊಡ್ಡ ಕಿಟಕಿ, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಬಾಗಿಲಲ್ಲೇ ನಿಲ್ಲಬೇಕಾದ ಅಡುಗೆಮನೆ. ಹಿತ್ತಿಲು ಇರಲಿಲ್ಲ, ಜಗಲಿ ಇರಲಿಲ್ಲ. ನಮ್ಮ ನಿಜವಾದ ಮನೆ ಇದ್ದದ್ದು ಶಾಂತಿಗ್ರಾಮದಲ್ಲಿ ಬಸ್ಸಿಳಿದು ಒಳದಾರಿ ಹಿಡಿದರೆ ಸಿಗುವ ಊರಿನಲ್ಲಿ. ಅಲ್ಲಿ ಹಿತ್ತಿಲೂ ಇತ್ತು, ಜಗಲಿಯೂ ಇತ್ತು, ಕೊಟ್ಟಿಗೆಯೂ ಅದರೊಳಗೆ ಗೌರಿ ಎಂಬ ಹಸುವೂ ಇದ್ದವು, ಅಪ್ಪನ ತಮ್ಮ ರಂಗಸ್ವಾಮಿ ಚಿಕ್ಕಪ್ಪನೂ ಇದ್ದ. ಸಮಸ್ಯೆ ಅವನು ಅಲ್ಲಿದ್ದದ್ದೇ. ಅವನು ರಾಗಿ ಬೆಳೆಯುತ್ತಿದ್ದ, ಆಲೂಗಡ್ಡೆ ಹಾಕುತ್ತಿದ್ದ, ಹಸು ಕರೆಯುತ್ತಿದ್ದ. ಸಾಲವಿರಲಿಲ್ಲ, ಕುಡಿತವಿರಲಿಲ್ಲ, ನೋಡಲು ಲಕ್ಷಣವಾಗಿದ್ದ. ಅವನಿಗೆ ಹೆಣ್ಣು ಕೊಡುವವರು ಮಾತ್ರ ಇರಲಿಲ್ಲ.

ಹಳ್ಳಿಗಳು ಖಾಲಿಯಾಗುತ್ತಿವೆ ಎಂದು ಈಗ ಎಲ್ಲರೂ ಬರೆಯುತ್ತಾರೆ. ಆ ಖಾಲಿಯಾಗುವಿಕೆಗೂ ಒಂದು ಕ್ರಮವಿತ್ತು ಎಂಬುದನ್ನು ಬರೆಯುವುದಿಲ್ಲ. ನಮ್ಮೂರಿನಿಂದ ಮೊದಲು ಹೋದವರು ಹುಡುಗಿಯರು. ಕೆಲವರು ಓದಿಗೆ ಹೋದರು, ಕೆಲವರು ನರ್ಸಿಂಗಿಗೆ, ಕೆಲವರು ಗಾರ್ಮೆಂಟ್ಸಿಗೆ. ಉಳಿದವರು ಪೇಟೆಯ ಗಂಡೇ ಆಗಬೇಕೆಂದು ಹಟ ಹಿಡಿದು, ಪೇಟೆಗೇ ಮದುವೆಯಾಗಿ ಹೋದರು. ಗಂಡಸರು ಜಮೀನಿನ ಜೊತೆ ಉಳಿದರು. ಸಂಜೆ ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತ ಸಾಲಿನಲ್ಲಿ ಮದುವೆಯಾಗದ ಗಂಡಸರೇ ಹೆಚ್ಚು. ಅವರ ತಾಯಂದಿರು 'ಈಗಿನ ಹೆಣ್ಣುಮಕ್ಕಳಿಗೆ ಕೊಬ್ಬು' ಎಂದು ಹಲುಬುತ್ತಿದ್ದರು. ಬೆಳಗಾಗುವ ಮೊದಲೇ ಸಗಣಿ, ಬಿಸಿಲೇರಿದರೆ ಕಳೆ, ಸಂಜೆಗೆ ಮತ್ತೆ ಹಾಲು, ಇವೆಲ್ಲದರ ನಡುವೆ ಒಲೆ. ಇಷ್ಟನ್ನು ಹೊರುವುದಕ್ಕಾಗಿ ಒಬ್ಬಳನ್ನು ಕರೆಯುತ್ತಿದ್ದೇವಲ್ಲ, ಪ್ರತಿಯಾಗಿ ಅವಳಿಗೆ ಏನು ಕೊಡುತ್ತಿದ್ದೇವೆ ಎಂದು ಆ ತಾಯಂದಿರಾಗಲಿ, ಅವರ ಗಂಡಂದಿರಾಗಲಿ, ಊರಿನ ಮುಖಂಡರಾಗಲಿ ಒಮ್ಮೆಯೂ ಕೇಳಿಕೊಳ್ಳಲಿಲ್ಲ. ನಮ್ಮ ಮನೆಯವರೂ ಕೇಳಿಕೊಳ್ಳಲಿಲ್ಲ. ಅದರ ಬದಲು ಮದುವೆ ಮಾಡಿಸುವ ಒಬ್ಬನನ್ನು ಕರೆಸಿ ಜಗಲಿಯ ಮೇಲೆ ಕೂರಿಸಿದರು.

"ಜಮೀನು ಎಷ್ಟೈತೆ ಅಂತ ಯಾರೂ ಕೇಳಕಿಲ್ಲ ಸಾ ಈಗ. ಉಡುಗ ಎಲ್ಲವ್ನೆ ಅಂತ ಕೇಳ್ತಾರೆ. ಆಸನದಲ್ಲವ್ನೆ ಅನ್ನಿ, ನಾಳೇನೆ ಎಣ್ಣು ತೋರುಸ್ತೀನಿ."

"ಆಸನಕ್ಕೆ ಅವ್ನು ಆಲೂಗೆಡ್ಡೆ ಮಾರಕ್ಕೆ ಓಯ್ತಾನಲ್ಲಪ್ಪ," ಎಂದಳು ಅಜ್ಜಿ.

"ಅಷ್ಟು ಸಾಕು ಕಣಜ್ಜಿ. ಅದುನ್ನೇ ಯಾಪಾರ ಅಂತೀನಿ."

ಅಪ್ಪ ಚನ್ನರಾಯಪಟ್ಟಣದ ಒಂದು ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಊರಿನಿಂದ ಚನ್ನರಾಯಪಟ್ಟಣ ಒಂದು ದಿಕ್ಕಿಗಾದರೆ ಹಾಸನ ಅದರ ವಿರುದ್ಧ ದಿಕ್ಕಿಗೆ. ಆದರೂ ತಮ್ಮನ ಮದುವೆಗಾಗಿ ದಿನವೂ ಅಷ್ಟು ದೂರ ಹೆಚ್ಚಿಗೆ ಓಡಾಡಲು ಅಪ್ಪ ಒಪ್ಪಿದ. ಅದನ್ನು ತ್ಯಾಗವೆಂದು ಅವನು ಇಂದಿಗೂ ಹೇಳಿಕೊಳ್ಳುತ್ತಾನೆ. ಇತಿಹಾಸ ಪಾಠ ಮಾಡುವವನು ತನ್ನ ಮನೆಗೇ ಒಂದು ಹೊಸ ಇತಿಹಾಸ ಕಟ್ಟಲು ಹೊರಟಾಗ ಎಷ್ಟು ಶ್ರದ್ಧೆಯಿಂದ ಕಟ್ಟಿದ! ಹಜಾರಕ್ಕೆ ಹಳೆಯ ಸೋಫಾ ತಂದ, ಗೋಡೆಗೆ ಊರಿನ ಮನೆಯ ದೇವರ ಪಟಗಳನ್ನೇ ತಂದು ಹಾಕಿದ. ಹೊಸ ಪಟಗಳಾದರೆ ನಿನ್ನೆ ಮೊನ್ನೆ ಬಂದವರೆಂದು ಗೊತ್ತಾಗಿಬಿಡುತ್ತದಂತೆ. ಮುದ್ದೆ ತೊಳಸುವ ಕೋಲನ್ನು ಮಾತ್ರ ಊರಲ್ಲೇ ಬಿಡಿಸಿದ. ಪೇಟೆಯವರ ಅಡುಗೆಮನೆಯಲ್ಲಿ ಅದೆಂಥದ್ದು ಎಂದ. ಚಿಕ್ಕಪ್ಪನನ್ನು ಎದುರಿಗೆ ಕೂರಿಸಿಕೊಂಡು 'ಹ'ಕಾರ ತಿದ್ದಿಸಿದ. "ಆಸನ ಅಲ್ಲ, ಹಾಸನ. ಓಲ ಅಲ್ಲ, ಹೊಲ. ಇನ್ನೊಂದ್ಸಲ ಹೇಳು." ಉಳುವ ಗಂಡಸು ಎದೆಯುಬ್ಬಿಸಿ ಹಕಾರ ಹೊರಡಿಸುವುದನ್ನು ನೋಡಿ ನಾನೂ ಅಮ್ಮನೂ ಅವಳ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದೆವು. ನಮ್ಮ ಮನೆಯಲ್ಲಿ ಆ ಬಗೆಯ ನಗು ಶುರುವಾದದ್ದು ಅಲ್ಲಿಂದ. ಕೊನೆಗೆ, ಮುದುಕಿಯಿಲ್ಲದ ಮನೆ ಬಾಡಿಗೆ ರೂಮಿನಂತೆ ಕಾಣುತ್ತದೆಂದು ಅಜ್ಜಿಯನ್ನು ಬಸ್ಸು ಹತ್ತಿಸಿದರು.

"ನಾನೇನು ಗೊಂಬೇನ್ಲಾ, ಕಿಟಕೀಲಿ ಕೂರ್ಸಕ್ಕೆ?"

"ಸ್ವಲ್ಪ ದಿನ ಕಣವ್ವ. ಮದ್ವೆ ಆಗೋಗಂಟ."

ಹೆಣ್ಣಿನ ಕಡೆಯವರು ಅರಕಲಗೂಡು ಸೀಮೆಯವರು, ಹೊಗೆಸೊಪ್ಪು ಬೆಳೆಯುವವರು. ಹುಡುಗಿ ಸವಿತ. ಸಾಮಾನ್ಯವಾಗಿ ಗಂಡಿನವರು ಹೆಣ್ಣು ನೋಡಲು ಹೋಗುತ್ತಾರೆ. ಈಗ ಕಾಲ ಬದಲಾಗಿ, ಹೆಣ್ಣಿನವರು ಮೊದಲು ಗಂಡಿನ ಮನೆ ನೋಡಿ ಬರುವುದು ನಮ್ಮ ಕಡೆ ರೂಢಿಯಾಗಿತ್ತು. ಆ ರೂಢಿಗಾಗಿಯೇ ಈ ಮನೆ ಹುಟ್ಟಿತ್ತು. ಅವರು ಹುಡುಗಿಯನ್ನೂ ಕರೆದುಕೊಂಡು ಬಂದ ದಿನ ಎಲ್ಲವೂ ಅಪ್ಪ ಬರೆದಿಟ್ಟ ಪಾಠದಂತೆ ನಡೆಯಿತು. ಸೋಫಾದ ಮೇಲೆ ಕೂತರು, ನಲ್ಲಿ ತಿರುಗಿಸಿ ನೀರು ಬರುವುದನ್ನು ನೋಡಿದರು, ಕಿಟಕಿಯ ಹತ್ತಿರ ನಿಂತು ಬೀದಿಯ ಅಂಗಡಿಗಳನ್ನು ನೋಡಿದರು. ಅಮ್ಮ ಕಾಫಿ ತಂದಳು. ಹಾಲು ಆ ಬೆಳಿಗ್ಗೆ ಚಿಕ್ಕಪ್ಪ ಊರಿನಿಂದ ತಂದದ್ದು. ಅದನ್ನು ಯಾರೂ ಯೋಚಿಸಿರಲಿಲ್ಲ. ಹುಡುಗಿಯ ತಂದೆ ಒಂದು ಗುಟುಕು ಕುಡಿದು ಲೋಟವನ್ನೇ ನೋಡಿದರು.

"ಪ್ಯಾಕೆಟ್ ಆಲಲ್ಲ ಬುಡಿ ಇದು. ಏನ್ ಗಟ್ಟಿಯಾಗೈತೆ!"

ಹಾಲನ್ನು ಹೊಗಳಿದರೆ ಅಜ್ಜಿಯ ಮುಖ ಅರಳದೆ ಇರುತ್ತದೆಯೇ?

"ಪ್ಯಾಕೆಟ್ ಯಾಕಪ್ಪ ಕುಡುದಾವು ನಾವು? ನಮ್ ಗೌರೀದು."

ಅಪ್ಪನ ಕೈಯಲ್ಲಿದ್ದ ಬಿಸ್ಕತ್ತು ಅಲ್ಲೇ ನಿಂತಿತು. ಚಿಕ್ಕಪ್ಪ ಕಾಲಿನ ಹೆಬ್ಬೆರಳನ್ನು ನೋಡಿಕೊಂಡ. ಅಮ್ಮ ತಟ್ಟೆಯನ್ನು ಕೆಳಗಿಡುವಷ್ಟರಲ್ಲಿ ಮಾತು ಜೋಡಿಸಿಕೊಂಡಿದ್ದಳು.

"ಗೌರಮ್ಮ ಅಂತ, ಹಾಲು ಹಾಕೋಳು. ನಮ್ಮತ್ತೆಗೆ ಅವಳು ಮನೆಮಗಳಿದ್ದಂಗೆ."

"ಪುಣ್ಯವಂತ್ರು ಬುಡವ್ವ," ಎಂದರು ಹುಡುಗಿಯ ತಾಯಿ. "ಪ್ಯಾಟೇಲಿ ಅಂತೋಳು ಸಿಗಾದು ಕಷ್ಟ."

ಹೀಗೆ ನಮ್ಮ ಹಸು ಆ ಹಜಾರದಲ್ಲಿ, ಎಲ್ಲರ ಕಣ್ಣೆದುರಿಗೆ, ಹೆಂಗಸಾಯಿತು.

ಹುಡುಗ ಹುಡುಗಿ ಒಂದು ಮಾತು ಆಡಿಕೊಳ್ಳಲಿ ಎಂದು ಇಬ್ಬರನ್ನೂ ತಾರಸಿಗೆ ಕಳಿಸಿದಾಗ, ಲೋಕದ ಮರ್ಯಾದೆಗೆ ಜೊತೆಯಲ್ಲಿ ನನ್ನನ್ನೂ ಕಳಿಸಿದರು. ಆಗ ನಾನು ಪ್ರಾಥಮಿಕ ಶಾಲೆಯ ಹುಡುಗಿ. ಅವಳು ನೀರಿನ ತೊಟ್ಟಿಗೆ ಒರಗಿ ನಿಂತು, ಯಾವ ನಾಚಿಕೆಯೂ ಇಲ್ಲದೆ, ತನ್ನ ಎರಡೂ ಅಂಗೈಗಳನ್ನು ಚಿಕ್ಕಪ್ಪನ ಮುಂದೆ ಚಾಚಿದಳು. ಬೆರಳ ಸಂದುಗಳಲ್ಲಿ ಕಂದು ಕಲೆಗಳಿದ್ದವು.

"ನಂದೊಂದೇ ಮಾತು. ಇದು ಹೊಗೆಸೊಪ್ಪಿನ ಅಂಟು. ಸ್ಕೂಲಿಗೆ ಹೋಗೋವಾಗಿಂದ ಸೊಪ್ಪು ಕಟ್ಟಿದೀನಿ. ಎಷ್ಟು ತಿಕ್ಕುದ್ರೂ ಹೋಗಲ್ಲ, ಉಂಡ ಅನ್ನ ಕಹಿಯಾಯ್ತದೆ. ಹೊಲದ ಕೆಲ್ಸ ಇರೋ ಮನೆಗೆ ಹೋಗಲ್ಲ ಅಂತ ಅಪ್ಪಂಗೆ ಹೇಳ್ಬುಟ್ಟಿದೀನಿ. ನೀವು ನಿಜ ಹೇಳಿ."

"ಹ... ಹೊಲ ವಾರಕ್ಕೆ ಕೊಟ್ಟಿದೀವಿ," ಎಂದ ಚಿಕ್ಕಪ್ಪ. ಬೇರೆಯವರು ಉಳುತ್ತಾರೆ, ಬೆಳೆಯಲ್ಲಿ ನಮಗೆ ಪಾಲು ಬರುತ್ತದೆ ಎಂದು ಅದರ ಅರ್ಥ. ಹಕಾರ ಸರಿಯಾಗಿ ಬಂದಿತ್ತು. ಅವಳು ಕೈಗಳನ್ನು ಮಡಚಿಕೊಂಡು ನಕ್ಕಳು. ಅವಳು ನಮ್ಮ ಮನೆಗೆ ಬಂದದ್ದು ಆ ಒಂದು ವಾಕ್ಯವನ್ನು ನಂಬಿ.

ಮದುವೆಯಾಯಿತು. 'ಸ್ವಲ್ಪ ದಿನ' ಎಂದ ಅಪ್ಪನ ಲೆಕ್ಕ ಅಲ್ಲಿಗೇ ತಪ್ಪಿತು. ತೋರಿಸಲು ಹಿಡಿದ ಮನೆಯಲ್ಲಿ ಈಗ ಬದುಕಿಯೂ ತೋರಿಸಬೇಕಾಗಿತ್ತು. ಚಿಕ್ಕಪ್ಪ ನಸುಕಿಗೇ ಎದ್ದು ಇಸ್ತ್ರಿ ಮಾಡಿದ ಪ್ಯಾಂಟು ಶರಟು ತೊಟ್ಟು ಆಲೂಗಡ್ಡೆ 'ಮಂಡಿ'ಗೆಂದು ಬೈಕು ಹತ್ತುತ್ತಿದ್ದ. ಊರು ಸೇರಿ ಅವನ್ನು ಬಿಚ್ಚಿ ಗಳುವಿಗೆ ನೇತುಹಾಕಿ ಹಳೆಯ ಲುಂಗಿ ಸುತ್ತುತ್ತಿದ್ದ. ಸಂಜೆ ಪಂಪ್‌ಸೆಟ್ಟಿನ ನೀರಿನಲ್ಲಿ ಮಿಂದು, ತೆಂಗಿನ ನಾರಿನಲ್ಲಿ ಉಗುರು ತಿಕ್ಕಿ, ಪೌಡರು ಬಳಿದುಕೊಂಡು, 'ಗೌರಮ್ಮನ ಮನೆಯಿಂದ' ಹಾಲಿನ ಕ್ಯಾನು ಹಿಡಿದು ಬರುತ್ತಿದ್ದ. ಮನೆದೇವರ ಪೂಜೆಗೆಂದು ಹೊಸ ಸೊಸೆಯನ್ನು ಊರಿಗೆ ಕರೆದೊಯ್ದ ದಿನ ಕೊಟ್ಟಿಗೆ ತೊಳೆದು, ಹಸುವನ್ನು ಪಕ್ಕದ ಮನೆಯವರ ಕೊಟ್ಟಿಗೆಯಲ್ಲಿ ಕಟ್ಟಲಾಗಿತ್ತು. ಇಡೀ ಊರು ಈ ಗುಟ್ಟನ್ನು ಕಾಯಿತು. ಬೀದಿಯಲ್ಲಿ ಎದುರಾದ ಹೆಂಗಸರು "ಪ್ಯಾಟೆ ಸೇರ್ಕಂಡ್ಮೇಲೆ ಈ ಕಡೀಕೆ ತಲೇನೇ ಆಕಕಿಲ್ಲ ನೀವು" ಎಂದು ಅಮ್ಮನನ್ನು ಆಕ್ಷೇಪಿಸಿದರು. ನಟನೆ ಎಷ್ಟು ಚೊಕ್ಕವಾಗಿತ್ತೆಂದರೆ ಅಮ್ಮನೇ ಒಂದು ಕ್ಷಣ ತಪ್ಪಿತಸ್ಥಳಂತೆ ತಲೆ ತಗ್ಗಿಸಿದಳು. ಅವರಿಗೆ ನಮ್ಮ ಮೇಲೆ ಪ್ರೀತಿಯೇನಿರಲಿಲ್ಲ. ಒಂದೊಂದು ಮನೆಯಲ್ಲೂ ಒಬ್ಬ ರಂಗಸ್ವಾಮಿ ಇದ್ದ. ನಾಳೆ ಅವರಿಗೂ ಇಂಥದೇ ಸುಳ್ಳು ಬೇಕಾಗುತ್ತಿತ್ತು.

ಚಿಕ್ಕಮ್ಮ ಆ ಮನೆಯಲ್ಲಿ ಸಂತೋಷವಾಗಿದ್ದಳು. ಇದನ್ನು ಬರೆಯುವಾಗ ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ. ನಾವು ಕಟ್ಟಿಕೊಟ್ಟ ಸುಳ್ಳು ಸುಖವನ್ನು ಅವಳು ನಿಜವೆಂದು ಮನಸಾರೆ ಅನುಭವಿಸಿದಳು. ನಲ್ಲಿಯ ಕೆಳಗೆ ಪಾತ್ರೆ ತೊಳೆಯುತ್ತ ಹಾಡು ಗುನುಗುತ್ತಿದ್ದಳು; ಶನಿವಾರ ನನಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದಳು; ಕಿಟಕಿಯಲ್ಲಿ ಅಜ್ಜಿಯ ಪಕ್ಕ ಕೂತು ಬೀದಿಯ ಪ್ರತಿಯೊಬ್ಬ ಹೆಂಗಸಿನ ಸೀರೆಗೂ ಬೆಲೆ ಕಟ್ಟುತ್ತಿದ್ದಳು. ಆಗಾಗ ಅಂಗೈಯನ್ನು ಮೂಗಿಗೆ ಹಿಡಿದು ಮೂಸಿ ನೋಡಿಕೊಳ್ಳುವುದು ಅವಳ ಅಭ್ಯಾಸ. ಒಂದು ದಿನ ಓಡಿಬಂದು ನನ್ನನ್ನು ಹಿಡಿದು, ಅಂಗೈಯನ್ನು ನನ್ನ ಮೂಗಿಗೆ ಒತ್ತಿದಳು.

"ನೋಡು, ಹೋಗ್ಬುಟ್ಟಿದೆ ಅಲ್ವಾ? ಸೋಪಿನ ವಾಸ್ನೆ ಒಂದೇ ಬತ್ತಾ ಇರಾದು."

ಸೋಪಿನ ವಾಸನೆ ಒಂದೇ ಬರುತ್ತಿತ್ತು.

ಕಂಡೇ ಇರದ ಗೌರಮ್ಮನನ್ನು ಅವಳು ಇಷ್ಟಪಟ್ಟಳು. ಪೇಟೆಯಲ್ಲಿ ನೀರು ಬೆರೆಸದೆ ಹಾಲು ಕೊಡುವ ಹೆಂಗಸು ದೊಡ್ಡವಳೇ ಇರಬೇಕು ಎನ್ನುತ್ತಿದ್ದಳು. ಗೌರಿ ಹಬ್ಬ ಬಂದಾಗ ಅರಿಶಿನ ಕುಂಕುಮದ ಜೊತೆ ಒಂದು ಕೆಂಪು ರವಿಕೆ ಬಟ್ಟೆಯನ್ನು ಕಾಗದದಲ್ಲಿ ಸುತ್ತಿ, "ಹೆಸ್ರೇ ಗೌರಿ. ಹಬ್ಬದ ದಿನ ಮರೀಬಾರ್ದು," ಎಂದು ಚಿಕ್ಕಪ್ಪನ ಕೈಗೆ ಕೊಟ್ಟಳು. ಅಂದು ಮಧ್ಯಾಹ್ನ ಒಬ್ಬಟ್ಟಿನ ಊಟ. ಎಲ್ಲರೂ ಹಜಾರದಲ್ಲಿ ಸಾಲಾಗಿ ಕೂತಿದ್ದೆವು. ಚಿಕ್ಕಮ್ಮ ತುಪ್ಪ ಬಡಿಸುತ್ತ ಅಪ್ಪನನ್ನು ಕೇಳಿದಳು:

"ಗೌರಮ್ಮ ಹೆಂಗವ್ರೆ ಭಾವ, ಒಳ್ಳೇರಾ?"

"ಬಹಳ ಸಾಧು ಕಣಮ್ಮ," ಎಂದ ಅಪ್ಪ, ಎಲೆಯಿಂದ ಮುಖ ಎತ್ತದೆ. "ಕರೆದಾಗಲೆಲ್ಲ ಇಲ್ಲ ಅನ್ನಲ್ಲ."

ಅಮ್ಮನಿಗೆ ಕೆಮ್ಮು ಹತ್ತಿತು. ಚಿಕ್ಕಮ್ಮ ಅವಳಿಗೆ ನೀರು ಕೊಟ್ಟು, ಮುಗ್ಧವಾಗಿ ಮುಂದುವರಿಸಿದಳು:

"ಹಂಗಾರೆ ಒಂದ್ಸಲ ಮನೇಗೆ ಕರೀಬಾರ್ದಾ?"

"ಅಯ್ಯೋ, ಮನೇಲೇ ಕರೀತಾನಲ್ಲಮ್ಮ ನಿನ್ನ ಗಂಡ, ಬೆಳಿಗ್ಗೆ ಸಾಯಂಕಾಲ!" ಎಂದ ಅಪ್ಪ.

ಆಗ ಅಜ್ಜಿಯೂ ನಕ್ಕಳು. ನಾನು ಬಾಯಲ್ಲಿದ್ದ ಒಬ್ಬಟ್ಟನ್ನು ಉಗುಳಿಬಿಡುವಷ್ಟು ನಕ್ಕೆ. ಏನೂ ತಿಳಿಯದ ಚಿಕ್ಕಮ್ಮ, ಎಲ್ಲರೂ ನಗುತ್ತಿರುವುದನ್ನು ಕಂಡು, ತುಪ್ಪದ ಗಿಂಡಿ ಹಿಡಿದುಕೊಂಡೇ ತಾನೂ ನಕ್ಕಳು. ನಗದೆ ಇದ್ದವನು ಚಿಕ್ಕಪ್ಪ ಒಬ್ಬನೇ. ಅಂದಿನಿಂದ 'ಕರೆ' ಎಂಬ ಮಾತು ನಮ್ಮ ಊಟದ ಹೊತ್ತಿನ ವ್ಯಂಜನವಾಯಿತು. ಕನ್ನಡದಲ್ಲಿ ಮನುಷ್ಯರನ್ನು ಕರೆಯುವುದಕ್ಕೂ ಹಸುವನ್ನು ಕರೆಯುವುದಕ್ಕೂ ಒಂದೇ ಕ್ರಿಯಾಪದವಿದೆಯೆಂಬ ಸಂಗತಿಯನ್ನು ಒಬ್ಬ ಹೆಣ್ಣುಮಗಳನ್ನು ಪ್ರತಿದಿನ ಅವಳೆದುರಿಗೇ ಗೇಲಿ ಮಾಡಲು ಬಳಸಿದ ವಿದ್ಯಾವಂತ ಕುಟುಂಬ ನಮ್ಮದು.

ಚಿಕ್ಕಮ್ಮ ಬಸುರಾದಳು. ಹೆಚ್ಚು ಕಡಿಮೆ ಅದೇ ದಿನಗಳಲ್ಲಿ ಗೌರಿಯೂ ಗಬ್ಬವಾಯಿತು. ಹೆಂಗಸಿಗೂ ಹಸುವಿಗೂ ತಿಂಗಳ ಲೆಕ್ಕ ಒಂದೇ. ಏಳನೆಯ ತಿಂಗಳಿಗೆ ಹಸುವಿನ ಹಾಲು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಹೊಟ್ಟೆಯಲ್ಲಿರುವ ಕರು ಬಡವಾಗುತ್ತದೆ. ಮನೆಗೆ ಪ್ಯಾಕೆಟ್ ಹಾಲು ಬರತೊಡಗಿದಾಗ ಚಿಕ್ಕಮ್ಮ ಕಾರಣ ಕೇಳಿದಳು.

"ಅವ್ಳಿಗೆ ಏಳ್ ತಿಂಗ್ಳು ಕಣೆ," ಎಂದ ಚಿಕ್ಕಪ್ಪ. ಸುಳ್ಳು ಹೇಳಿ ದಣಿದವನಿಗೆ ನಿಜವೇ ಬಾಯಿಗೆ ಬಂದಿತ್ತು.

"ಅಯ್ಯೋ, ನನ್ನಂಗೇ! ಪಾಪ, ಬಸ್ರಿ ಹೆಂಗ್ಸು ಇಷ್ಟು ದಿನ ಹಾಲು ಹೊತ್ಲಾ? ನೀವ್ಯಾರೂ ಒಂದ್ ಮಾತು ಹೇಳ್ಲಿಲ್ವಲ್ಲ ನಂಗೆ!"

ಅಂದಿನಿಂದ ಅವಳಿಗೆ ಏನು ತಿನ್ನಬೇಕೆನಿಸಿದರೂ ಅದರಲ್ಲಿ ಒಂದು ಪಾಲು ಗೌರಮ್ಮನಿಗೆ ಹೋಗುತ್ತಿತ್ತು. ಹುಣಸೆಹುಳಿಯ ಅವಲಕ್ಕಿ, ಎಳ್ಳುಂಡೆ, ಹಲಸಿನ ಹಪ್ಪಳ. ಬಳೆಗಾರ ಬಂದು ಅವಳಿಗೆ ಹಸಿರು ಬಳೆ ತೊಡಿಸಿದ ದಿನ, ಅದೇ ಬಣ್ಣದ ಇನ್ನೊಂದು ಜೊತೆ ತೆಗೆದಿಟ್ಟಳು. "ಅಳತೆ ಗೊತ್ತಿಲ್ವಲ್ಲಾ," ಎಂದು ಚಿಂತಿಸಿದಳು. ಅಮ್ಮ ಅಡುಗೆಮನೆಗೆ ಓಡಿಹೋಗಿ ಸಿಂಕಿನ ಅಂಚು ಹಿಡಿದು ನಕ್ಕಳು. ಆ ಸಂಜೆ ಬಟ್ಟೆ ಒಣಗಿಸುವ ನೆಪದಲ್ಲಿ ತಾರಸಿಯಲ್ಲಿದ್ದ ನಾನು, ಚಿಕ್ಕಪ್ಪ ಅಪ್ಪನಿಗೆ ಹೇಳುವುದನ್ನು ಕೇಳಿದೆ.

"ಸಾಕು ಬುಡಣ್ಣ. ಏಳ್ಬುಡ್ತೀನಿ ಅವ್ಳಿಗೆ. ಆ ಬಳೆ ಇಸ್ಕಂಡು ಓಗಕ್ಕೆ ನಂಗೆ ಕೈ ಬರಕಿಲ್ಲ."

"ಈಗ ಹೇಳುದ್ರೆ ತವರಿಗೆ ಹೋದೋಳು ವಾಪಸ್ ಬರಲ್ಲ ಕಣೋ. ಮಗು ಆಗ್ಲಿ. ಆಮೇಲೆ ಎಲ್ಲಿಗೆ ಹೋಗ್ತಾಳೆ?"

ಆಮೇಲೆ ಎಲ್ಲಿಗೆ ಹೋಗುತ್ತಾಳೆ. ನಾನು ವಿಶ್ವವಿದ್ಯಾನಿಲಯದಲ್ಲಿ ಗ್ರಾಮೀಣ ವಲಸೆಯ ಬಗ್ಗೆ ಓದಿದ ಎಲ್ಲ ಪಾಠಗಳಲ್ಲೂ ಹೋಗುವವರ ಬಗ್ಗೆ ವಿವರಣೆಯಿತ್ತು. ಹೋಗಲಾರದಂತೆ ಒಬ್ಬಳನ್ನು ಹೇಗೆ ಕಟ್ಟಿಹಾಕುತ್ತಾರೆ ಎಂಬುದಕ್ಕೆ ಈ ವಾಕ್ಯದಷ್ಟು ಸ್ಪಷ್ಟವಾದ ವಿವರಣೆ ಎಲ್ಲಿಯೂ ಸಿಗಲಿಲ್ಲ. ಅದನ್ನು ಹೇಳಿದ್ದು ಕ್ರೂರಿಯಲ್ಲ. ರಾತ್ರಿ ನನಗೆ ಕಥೆ ಹೇಳಿ ಮಲಗಿಸುತ್ತಿದ್ದ, ವಿದ್ಯಾರ್ಥಿಗಳು ಕಾಲು ಮುಟ್ಟಿ ನಮಸ್ಕರಿಸುತ್ತಿದ್ದ ನನ್ನ ಅಪ್ಪ.

ಹೆರಿಗೆಗೆ ತವರಿಗೆ ಹೊರಡುವ ಮುನ್ನ ಗೌರಮ್ಮನ ಮಡಿಲು ತುಂಬಿ ಹೋಗಬೇಕೆಂದು ಚಿಕ್ಕಮ್ಮ ನಿಶ್ಚಯಿಸಿದಳು. ಅದೊಂದು ರಜಾದಿನ. ಅಪ್ಪ ಅಮ್ಮ ಹೊಳೆನರಸೀಪುರದಲ್ಲಿ ಯಾರದೋ ಮದುವೆಗೆ ಹೋಗಿದ್ದರು. ಅವಳು ಬ್ಯಾಗಿನಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಹೊಸ ರವಿಕೆ ಬಟ್ಟೆ ತುಂಬಿಕೊಂಡು ನನ್ನ ಮುಂದೆ ಬಂದು ನಿಂತಳು.

"ಗೌರಮ್ಮನ ಮನೆ ನಿಂಗೆ ಗೊತ್ತೇನೇ?"

ಯಾರೂ ನನಗೆ ಈ ಪ್ರಶ್ನೆಗೆ ಉತ್ತರ ಕಲಿಸಿರಲಿಲ್ಲ. ಗೊತ್ತು ಎಂದೆ. ಶಾಂತಿಗ್ರಾಮದಲ್ಲಿ ಇಳಿಯಬೇಕು ಎಂದೆ. ಅವಳ ಹುಬ್ಬು ಗಂಟಾಯಿತು. ಅಷ್ಟು ದೂರದಿಂದ ಹಾಲೇ ಎಂದುಕೊಂಡಿರಬೇಕು, ಆದರೆ ಕೇಳಲಿಲ್ಲ. ಕಿಟಕಿಯ ಬಳಿ ಕೂತಿದ್ದ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು. ತಡೆಯಬಹುದಾಗಿತ್ತು. ಬಹಳ ಹೊತ್ತು ಸೊಸೆಯ ಹೊಟ್ಟೆಯನ್ನು ನೋಡಿ, "ನಿಧಾನಕ್ಕೆ ಓಗ್ಬುಟ್ ಬನ್ನಿ. ಬಿಸ್ಲು," ಎಂದಳು. ಗ್ರಿಲ್ಲಿನ ಹಿಂದೆ ಕೂತು ಕೂತು ಅವಳಿಗೂ ಸಾಕಾಗಿತ್ತು.

ಬಸ್ಸಿಳಿದು ಊರ ದಾರಿಗೆ ತಿರುಗಿದಾಗಲೇ ಅವಳಿಗೆ ಅನುಮಾನ ಬಂದಿರಬೇಕು. ಪೂಜೆಗೆಂದು ಬಂದಾಗ ನಡೆದ ದಾರಿಯೇ ಅದು. ಮಾತಾಡುವುದನ್ನು ನಿಲ್ಲಿಸಿದಳು. ವಾರಕ್ಕೆ ಕೊಟ್ಟಿದೆ ಎಂದು ಹೇಳಿದ್ದ ಹೊಲದ ಬದುವಿನ ಮೇಲೆ ಚಿಕ್ಕಪ್ಪನ ಬೈಕು ನಿಂತಿತ್ತು. ಬೀಗ ಹಾಕಿದೆ ಎಂದು ಹೇಳಿದ್ದ ಮನೆಯ ಬಾಗಿಲು ತೆರೆದಿತ್ತು. ಗಳುವಿನ ಮೇಲೆ ಅವಳೇ ಬೆಳಿಗ್ಗೆ ಇಸ್ತ್ರಿ ಮಾಡಿಕೊಟ್ಟ ಪ್ಯಾಂಟು ತೂಗುತ್ತಿತ್ತು. ನಾನು ಅವಳ ಕೈ ಹಿಡಿದು ಕೊಟ್ಟಿಗೆಗೆ ಕರೆದೊಯ್ದೆ. ಲುಂಗಿ ಎತ್ತಿ ಕಟ್ಟಿ ಸಗಣಿ ಬಾಚುತ್ತಿದ್ದ ಚಿಕ್ಕಪ್ಪ ಹಾಗೆಯೇ ಬಗ್ಗಿ ನಿಂತ. ಗೌರಿ ನಮ್ಮ ಕಡೆಗೆ ಕತ್ತು ತಿರುಗಿಸಿತು. ಅದರ ಕೋಡಿಗೆ ಕೆಂಪು ರವಿಕೆ ಬಟ್ಟೆ ಸುತ್ತಿತ್ತು. ಕೊರಳ ಹಗ್ಗಕ್ಕೆ ಪೋಣಿಸಿದ್ದ ಹಸಿರು ಬಳೆಗಳು ಕಿಣಿಕಿಣಿ ಎಂದವು. ಚಿಕ್ಕಮ್ಮನ ಕೈಯಲ್ಲೂ ಅವೇ ಬಳೆಗಳು.

"ಇವಳೇ ಗೌರಿ," ಎಂದೆ ನಾನು.

ಚಿಕ್ಕಪ್ಪ ಕೈ ಒರೆಸಿಕೊಳ್ಳಲು ಏನೂ ಸಿಗದೆ ಎದೆಗೆ ಒರೆಸಿಕೊಂಡ.

"ನೀನ್ ಕೊಟ್ಟುದ್ದ ಒಂದೂ ಬಿಸಾಕಿಲ್ಲ ಕಣೆ. ಗೌರಿಗೆ ಕೊಡಿ ಅಂದೆ. ಇವ್ಳಿಗೇ ಕೊಟ್ಟಿವ್ನಿ."

"ಅವಲಕ್ಕಿ?"

"ಅದ್ನೂ ಇವ್ಳೇ ತಿಂದ್ಲು."

ಅವನ ಪಾಲಿಗೆ ಅದು ಪ್ರಾಮಾಣಿಕತೆಯಾಗಿತ್ತು. ಅಷ್ಟೊಂದು ಸುಳ್ಳುಗಳ ನಡುವೆ ಇದೊಂದನ್ನಾದರೂ ಸುಳ್ಳಾಗಿಸಬಾರದೆಂದು, ಹೆಂಡತಿ ಹೆಸರು ಹೇಳಿ ಕೊಟ್ಟದ್ದನ್ನು ಆ ಹೆಸರಿನವಳಿಗೇ ಮುಟ್ಟಿಸಿದ್ದ. ಚಿಕ್ಕಮ್ಮ ಅವನ ಕಡೆಗೆ ನೋಡಲಿಲ್ಲ. ನನ್ನ ಮುಂದೆ ಕಷ್ಟಪಟ್ಟು ಬಗ್ಗಿದಳು.

"ನಿಂಗೂ ಗೊತ್ತಿತ್ತಾ?"

ತಲೆಯಾಡಿಸಿದೆ.

"ಅತ್ತೆಗೆ? ಅಕ್ಕಂಗೆ?"

ತಲೆಯಾಡಿಸಿದೆ.

"ಊಟಕ್ಕೆ ಕೂತಾಗ ಎಲ್ಲಾರೂ ನಗ್ತಿದ್ದದ್ದು ಇದಕ್ಕಾ?"

ನಾನು ಗೌರಿಯ ಹಗ್ಗ ಹಿಡಿದುಕೊಂಡೆ. ಅವಳು ಎದ್ದು ಬ್ಯಾಗು ತೆರೆದಳು. ಗೌರಿಯ ಹಣೆಗೆ ಅರಿಶಿನ ಕುಂಕುಮ ಹಚ್ಚಿದಳು, ಮೇವಿನ ತೊಟ್ಟಿಗೆ ಅಕ್ಕಿಯನ್ನೂ ಬೆಲ್ಲವನ್ನೂ ಸುರಿದಳು. "ತಂದಿದ್ದು ತಂದಾಯ್ತು. ಇವಳೇನು ಮಾಡಿದ್ಲು ಪಾಪ," ಎಂದಳು. ಹಸು ಬೆಲ್ಲ ಮೆದ್ದ ಒರಟು ನಾಲಿಗೆಯಿಂದ ಅವಳ ಅಂಗೈಯನ್ನು ನೆಕ್ಕಿತು. ದಾರಿಯುದ್ದಕ್ಕೂ ಅವಳು ಆ ಅಂಗೈಯನ್ನು ಮತ್ತೆ ಮತ್ತೆ ಮೂಗಿಗೆ ಹಿಡಿದು ನೋಡಿಕೊಂಡಳು.

ಮದುವೆಮನೆಯಿಂದ ಬಂದ ಅಪ್ಪ ಹಜಾರದಲ್ಲಿ ನಿಂತು, ತರಗತಿಯಲ್ಲಿ ನಿಂತವನಂತೆ, ಕಾರಣಗಳನ್ನು ಹೇಳಿದ. ಹಳ್ಳಿಯ ಹುಡುಗರ ಪಾಡು, ಕಾಲ ಬದಲಾದದ್ದು, ಇಬ್ಬರ ಒಳ್ಳೆಯದಕ್ಕೆ ಹೇಳಿದ ಮಾತು. ಚಿಕ್ಕಮ್ಮ ಪೂರ್ತಿ ಕೇಳಿಸಿಕೊಂಡಳು.

"ಸುಳ್ಳು ಹೇಳಿದ್ದಕ್ಕೆ ಕಾರಣ ಹೇಳಿದ್ರಿ ಭಾವ. ನಕ್ಕಿದ್ದಕ್ಕೆ ಹೇಳಿ."

ಹೇಳಲಿಲ್ಲ. ಅವನು ಹೇಳಲಿಲ್ಲ, ಅಮ್ಮ ಹೇಳಲಿಲ್ಲ. ಚಿಕ್ಕಮ್ಮ ತವರಿಗೆ ಹೋದಳು. ಅಲ್ಲಿ ಅವಳ ತಂದೆ, "ಗಂಡ ಕುಡಿಯಕಿಲ್ಲ, ಒಡಿಯಕಿಲ್ಲ. ಅಸ ಸಾಕಾದು ಒಂದು ತಪ್ಪಾ?" ಎಂದರಂತೆ. ಹೆರಿಗೆಯಾದ ಮೇಲೆ ಚಿಕ್ಕಮ್ಮ ಮಗಳನ್ನೆತ್ತಿಕೊಂಡು ಹಾಸನಕ್ಕೇ ಹಿಂತಿರುಗಿದಳು. ಅಪ್ಪನ ಲೆಕ್ಕ ಈ ಬಾರಿ ಸರಿಯಾಗಿತ್ತು. ಬಂದವಳು ಒಂದೇ ಒಂದು ಬದಲಾವಣೆ ಮಾಡಿದಳು. ಗೌರಿ ಕರು ಹಾಕಿ ಹಾಲು ಕೊಡುತ್ತಿದ್ದರೂ, ತನಗೂ ತನ್ನ ಮಗುವಿಗೂ ಬೀದಿಯ ಅಂಗಡಿಯಿಂದ ಪ್ಯಾಕೆಟ್ ಹಾಲು ತರಿಸತೊಡಗಿದಳು. ಹಸು ಸಾಕುವವನ ಮನೆಯ ಅಡುಗೆಮನೆಯಲ್ಲಿ ಎರಡು ಪಾತ್ರೆಗಳಲ್ಲಿ ಹಾಲು ಕಾಯುತ್ತಿತ್ತು. ಚಿಕ್ಕಪ್ಪನಿಗೆ ಆ ಎರಡನೆಯ ಪಾತ್ರೆಯನ್ನು ಬಹುಕಾಲ ತಡೆದುಕೊಳ್ಳಲಾಗಲಿಲ್ಲ. ಗೌರಿಯನ್ನು ನೆಂಟರಿಗೆ ಕೊಟ್ಟುಬಿಟ್ಟ, ಹೊಲವನ್ನು ನಿಜವಾಗಿಯೂ ವಾರಕ್ಕೆ ಕೊಟ್ಟ, ಮಂಡಿಯಲ್ಲಿ ನಿಜವಾಗಿಯೂ ವ್ಯಾಪಾರಕ್ಕೆ ಕೂತ. ಊರಿನ ಮನೆಗೆ ನಿಜವಾಗಿಯೂ ಬೀಗ ಬಿತ್ತು. ಅಜ್ಜಿ ಆ ಕಿಟಕಿಯ ಪಕ್ಕದಲ್ಲೇ ಸತ್ತಳು. ನಾವು ಹೇಳಿದ್ದೆಲ್ಲ ಒಂದೊಂದಾಗಿ ನಿಜವಾಯಿತು. ಜನಗಣತಿಯವರು ಬಂದು ಕೇಳಿದಾಗ ಅಪ್ಪ ಎದೆಯುಬ್ಬಿಸಿ, ಪೇಟೆಯ ವಾಸ ಎಂದು ಬರೆಸಿದ.

ಇಷ್ಟು ವರ್ಷಗಳ ಮೇಲೆ, ಈಗ ನಿವೃತ್ತನಾಗಿರುವ ಅಪ್ಪನನ್ನು ಕೇಳಿದೆ, ಅವಳ ಪ್ರಶ್ನೆಗೆ ಉತ್ತರ ಕೊಡುವವರು ಯಾರು ಎಂದು. "ಆಗ ಎಲ್ಲರ ಮನೇಲೂ ಹಿಂಗೇ ನಡೀತಿತ್ತು ಕಣಮ್ಮ," ಎಂದ. ಎಲ್ಲರ ಮನೆಯಲ್ಲೂ ಎಂಬುದು ಉತ್ತರವಲ್ಲ, ಅದು ಆರೋಪದ ವಿಸ್ತರಣೆ. ಹೆಣ್ಣು ಸಿಗುತ್ತಿಲ್ಲವೆಂದು ಸಭೆ ನಡೆಸುವ ಹಿರಿಯರು, ರೈತನನ್ನು ಮದುವೆಯಾಗಿ ಎಂದು ಹುಡುಗಿಯರಿಗೆ ಬುದ್ಧಿ ಹೇಳುವ ಭಾಷಣಕಾರರು, ನನ್ನ ಅಪ್ಪ, ನನ್ನ ಅಮ್ಮ, ಎಲ್ಲರೂ ಉತ್ತರ ಹೇಳಬೇಕು. ನನ್ನ ಪುಸ್ತಕದಲ್ಲಿ ಈ ಅಧ್ಯಾಯವನ್ನು ಬರೆದದ್ದು ಅದಕ್ಕೇ. ಅಚ್ಚಿಗೆ ಕೊಡುವ ಮೊದಲು ಚಿಕ್ಕಮ್ಮನಿಗೆ ಓದಿ ತೋರಿಸಬೇಕೆನಿಸಿತು. ನಿನ್ನ ಪರವಾಗಿ ಒಬ್ಬಳಾದರೂ ಮಾತಾಡಿದ್ದಾಳೆಂದು ಅವಳಿಗೆ ತಿಳಿಯಲಿ ಎಂಬ ಹೆಮ್ಮೆಯೂ ಇತ್ತು.

ಅವಳು ಅದೇ ಹಜಾರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಓದುತ್ತ ಹೋದೆ. ಹಕಾರ ತಿದ್ದಿದ ಭಾಗ ಬಂದಾಗ ಕತ್ತೆತ್ತಲಿಲ್ಲ. ಅಂಗೈಗೆ ಸೋಪಿನ ವಾಸನೆ ಬಂದ ಭಾಗಕ್ಕೆ ಒಂದು ಕ್ಷಣ ಬೆರಳು ನಿಲ್ಲಿಸಿ, ಮತ್ತೆ ಸುಲಿದಳು. ಹಬ್ಬದ ಊಟ ಬಂತು. ಅಪ್ಪನ ಮಾತುಗಳನ್ನು ಅಪ್ಪನ ಧಾಟಿಯಲ್ಲೇ ಓದಿದೆ. ಆ ಸಂಭಾಷಣೆಯನ್ನು ನಾನು ಎಷ್ಟೋ ಸಲ ತಿದ್ದಿದ್ದೆ, ಪ್ರತಿಯೊಂದು 'ಕರೆ'ಯೂ ಸರಿಯಾದ ಜಾಗದಲ್ಲಿ ಬೀಳುವಂತೆ. ಆ ಊಟದ ಭಾಗದ ಕೊನೆಗೆ ಬಂದು ನಿಲ್ಲಿಸಿದೆ.

"ಓದೋರು ಇಲ್ಲಿ ನಗ್ತಾರಲ್ವಾ?" ಎಂದಳು.

ನಾನು ಹಾಳೆಯ ಅಂಚನ್ನು ಮಡಚಿದೆ.

"ನಗ್ಲಿ ಬಿಡು. ನೀನೂ ಈಗ ನಕ್ಕೆ, ಓದ್ತಾ."

ನಕ್ಕಿದ್ದೆ. ತುಟಿಯ ಮೇಲೆ ಅದು ಇನ್ನೂ ಇತ್ತು. ಚಿಕ್ಕಮ್ಮ ಮಡಿಲಲ್ಲಿದ್ದ ಸಿಪ್ಪೆಯನ್ನು ಕೆಳಗೆ ಕೊಡವಿ, ಮುಂದೆ ಓದು ಎಂದಳು.